ತಪ್ಪಿನ ಹತ್ತಿರ ಕೂತು ನೋಡಿ: ನಮ್ಮದೇ ತರಗತಿಯಲ್ಲಿ ಕ್ರಿಯಾ ಸಂಶೋಧನೆ ಮಾಡುವ ದಾರಿ

ಕ್ರಿಯಾ ಸಂಶೋಧನೆ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಿ.ಎಡ್ ಅಥವಾ ಡಿ.ಎಡ್ ಕಾಲದ, ಸ್ಪೈರಲ್ ಬೈಂಡಿಂಗ್ ಹಾಕಿದ ವರದಿ. ಶೀರ್ಷಿಕೆ, ಉದ್ದೇಶಗಳು, ಪ್ರಾಕ್ಕಲ್ಪನೆ, ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ, ಶೇಕಡಾವಾರು ಕೋಷ್ಟಕ. ಕೊನೆಗೆ "ಮಕ್ಕಳ ಕಲಿಕೆಯಲ್ಲಿ ಗಣನೀಯ ಪ್ರಗತಿ ಕಂಡುಬಂದಿದೆ" ಅನ್ನುವ ಒಂದು ಸಾಲು. ಒಪ್ಪಿಸಿ ಬಂದ ಮೇಲೆ ಅದನ್ನು ಮತ್ತೆ ತೆರೆದು ನೋಡಿದವರು ಕಡಿಮೆ.

ಹೀಗಾಗಿ ಒಂದು ಒಳ್ಳೆಯ ಸಾಧನ ನಮ್ಮ ಕೈಯಿಂದ ಜಾರಿ ಹೋಗಿದೆ. ಕ್ರಿಯಾ ಸಂಶೋಧನೆ ಅಂದರೆ ಶಿಕ್ಷಕರು ತಮ್ಮದೇ ತರಗತಿಯ ಒಂದು ತೊಂದರೆಯನ್ನು ತಾವೇ ಪರಿಶೀಲಿಸಿ, ಕಲಿಸುವ ರೀತಿ ಬದಲಾಯಿಸಿ, ಫಲ ಏನು ಎಂದು ನೋಡುವುದು. ಈ ಪದ್ಧತಿ ಹುಟ್ಟಿದ್ದೇ ಕೆಲಸ ಮಾಡುವವರ ಕೈಗೆ ಸಂಶೋಧನೆಯನ್ನು ಕೊಡಲಿಕ್ಕೆ. ಕರ್ಟ್ ಲೆವಿನ್ 1946ರಲ್ಲಿ ಇದರ ಬಗ್ಗೆ ಬರೆದಾಗ ಅವರ ಮನಸ್ಸಿನಲ್ಲಿದ್ದದ್ದು ಸಮಾಜದ ಸಮಸ್ಯೆಗಳು. 1953ರ ಹೊತ್ತಿಗೆ ಅಮೆರಿಕದ ಸ್ಟೀಫನ್ ಕೋರಿ ಅದನ್ನು ಶಾಲೆಯೊಳಗೆ ತಂದರು. ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ ಶಿಕ್ಷಕರೇ ಸಂಶೋಧಕರಾಗಬೇಕು ಎಂದು ವಾದಿಸಿದರು. ನಮ್ಮಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಬಂದಾಗ, ತರಬೇತಿಯ ಜೊತೆಗೆ ಕ್ರಿಯಾ ಸಂಶೋಧನೆಯೂ ಅವುಗಳ ಕೆಲಸ ಎಂದೇ ಸೇರಿಸಿದರು. ಅಂದರೆ ಇದು ಕ್ಲಾಸಿನಲ್ಲಿ ನಿಂತವರಿಗಾಗಿಯೇ ಇರುವ ದಾರಿ.

ಈ ಲೇಖನದಲ್ಲಿ ಒಂದೇ ಒಂದು ಉದಾಹರಣೆ ಹಿಡಿದು ಮೊದಲಿನಿಂದ ಕೊನೆಯ ತನಕ ಹೋಗೋಣ. ಉಡುಪಿ ಜಿಲ್ಲೆಯ ಶಿರ್ವ, ಶಂಕರಪುರ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆ ಅಂದುಕೊಳ್ಳಿ. 5ನೇ ತರಗತಿ, 22 ಮಕ್ಕಳು. ಮನೆಯಲ್ಲಿ ಕೆಲವರದು ತುಳು, ಕೆಲವರದು ಕೊಂಕಣಿ, ಕೆಲವರದು ಬ್ಯಾರಿ. ಕೆಲಸ ಹುಡುಕಿಕೊಂಡು ಬಂದ ಬಾಗಲಕೋಟೆ, ಕೊಪ್ಪಳ ಕಡೆಯ ಮನೆಗಳ ಮಕ್ಕಳೂ ಇಬ್ಬರು ಮೂವರು ಇದ್ದಾರೆ. ಶಾಲೆಯೂ ಸಂಖ್ಯೆಗಳೂ ವಿವರಣೆಗೆ ಕಲ್ಪಿಸಿಕೊಂಡವು. ಆದರೆ ಇಂಥ ತರಗತಿ ಮಂಗಳೂರು, ಉಡುಪಿಯ ಶಿಕ್ಷಕರಿಗೆ ಹೊಸತಲ್ಲ.

ಹೆಜ್ಜೆ 1: ಪ್ರಶ್ನೆಯನ್ನು ಸಣ್ಣದು ಮಾಡಿ

"ನಮ್ಮ ಮಕ್ಕಳಿಗೆ ಗಣಿತ ಬರುವುದಿಲ್ಲ." ಇದು ಬೇಸರ. ಸಂಶೋಧನೆಗೆ ಬೇಕಾದ ಪ್ರಶ್ನೆ ಇದಲ್ಲ. "ಹೇಳಿಕೆ ಲೆಕ್ಕ ಮಾಡುವುದಿಲ್ಲ" ಅಂದರೆ ಸ್ವಲ್ಪ ಹತ್ತಿರ ಬಂದಿರಿ. "ಕೂಡು, ಕಳೆ ಎರಡೂ ಗೊತ್ತಿರುವ ಮಕ್ಕಳು, ಇಬ್ಬರನ್ನು ಹೋಲಿಸುವ ಹೇಳಿಕೆ ಲೆಕ್ಕದಲ್ಲಿ ಯಾಕೆ ತಪ್ಪುತ್ತಾರೆ? ನಾನು ಕಲಿಸುವ ರೀತಿಯಲ್ಲಿ ಏನು ಬದಲಾಯಿಸಿದರೆ ಅದು ಸರಿ ಹೋಗಬಹುದು?" ಇಲ್ಲಿಗೆ ಬಂದರೆ ಕೆಲಸ ಶುರು ಮಾಡಬಹುದು.

ಪ್ರಶ್ನೆ ಸರಿಯಾಗಿದೆಯೇ ಎಂದು ನೋಡಲು ನನ್ನ ಅಳತೆ ಇಷ್ಟೇ. ಅದಕ್ಕೆ ಪರಿಹಾರ ನನ್ನ ಪೀರಿಯಡ್ಡಿನೊಳಗೆ ಇದೆಯೇ? ಮಕ್ಕಳ ನೋಟ್‌ಬುಕ್ಕಿನಲ್ಲೋ ಮಾತಿನಲ್ಲೋ ಅದು ಕಣ್ಣಿಗೆ ಕಾಣುತ್ತದೆಯೇ? ಒಂದೂವರೆ ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆಯೇ? ಮೂರಕ್ಕೂ ಹೌದು ಅಂದರೆ ಮುಂದೆ ಹೋಗಿ. ತಂದೆ ತಾಯಿ ಮನೆಯಲ್ಲಿ ಓದಿಸುವುದಿಲ್ಲ ಅನ್ನುವುದು ನಿಜವೇ ಇರಬಹುದು. ಆದರೆ ಅದು ನಿಮ್ಮ ಕ್ರಿಯಾ ಸಂಶೋಧನೆಯ ವಿಷಯ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಬದಲಾಯಿಸಬೇಕಾದವರು ನೀವಲ್ಲ.

ಬೇರೆ ವಿಷಯದವರಿಗೂ ಇದೇ ಅಳತೆ. ಕನ್ನಡದಲ್ಲಿ ಮಹಾಪ್ರಾಣ ಬಿಟ್ಟು ಬರೆಯುವುದು, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದರೂ ಏನು ಓದಿದೆ ಎಂದು ಹೇಳಲಾಗದಿರುವುದು, ವಿಜ್ಞಾನದಲ್ಲಿ ಪ್ರಯೋಗ ನೋಡುವ ಮೊದಲೇ ಗೈಡಿನ ಉತ್ತರ ಬರೆಯುವುದು. ಇವೆಲ್ಲ ಕೈಗೆ ಸಿಗುವ ಗಾತ್ರದ ಪ್ರಶ್ನೆಗಳು.

ಹೆಜ್ಜೆ 2: ಮದ್ದಿಗೆ ಮೊದಲು ತಪ್ಪನ್ನು ವಿಂಗಡಿಸಿ

ಇಡೀ ಕೆಲಸದ ಜೀವಾಳ ಇಲ್ಲಿದೆ. ನಮ್ಮ ಹೆಚ್ಚಿನ ವರದಿಗಳು ಸೋಲುವುದೂ ಇಲ್ಲೇ. ಪೂರ್ವ ಪರೀಕ್ಷೆ ಕೊಟ್ಟು, ಅಂಕ ಎಣಿಸಿ, ಶೇಕಡಾ ತೆಗೆದು, ನೇರವಾಗಿ "ಆಟಗಳ ಮೂಲಕ ಬೋಧನೆ" ಅಂತ ಮದ್ದಿಗೆ ಹಾರಿಬಿಡುತ್ತೇವೆ. 22ರಲ್ಲಿ 13 ಮಕ್ಕಳು ತಪ್ಪಿದರು ಅನ್ನುವುದು ಗೊತ್ತಾಯಿತು. ಯಾಕೆ ತಪ್ಪಿದರು ಅನ್ನುವುದು ಗೊತ್ತಾಗಲೇ ಇಲ್ಲ, ಅಲ್ವಾ?

ಆದ್ದರಿಂದ ಪರೀಕ್ಷೆ ಚಿಕ್ಕದಿರಲಿ. ಆರು ಲೆಕ್ಕ ಸಾಕು. ಸಂಖ್ಯೆಗಳು ಸುಲಭದ್ದಿರಲಿ. ದಶಕ ಬಿಡಿಸಿ ಕಳೆಯುವ ಗೊಡವೆ ಬೇಡ. ಇಲ್ಲದಿದ್ದರೆ ತಪ್ಪು ಭಾಷೆಯಿಂದ ಬಂತೋ ಕಳೆಯುವುದರಿಂದ ಬಂತೋ ಹೇಳಲು ಆಗುವುದಿಲ್ಲ. ಮಕ್ಕಳಿಗೆ ಗೊತ್ತಿರುವ ವಸ್ತುಗಳನ್ನೇ ಹಾಕಿ. ಮಲ್ಪೆಯಲ್ಲಾದರೆ ಬುಟ್ಟಿ ಬಂಗುಡೆ, ಶಂಕರಪುರದಲ್ಲಾದರೆ ಮಲ್ಲಿಗೆ. ಮನೆಯಲ್ಲಿ ಹೂ ಕಟ್ಟುವ ಮಗುವಿಗೆ ಹೂವಿನ ಅಳತೆಯಲ್ಲಿ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಅನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಈ ಎರಡು ಲೆಕ್ಕ ನೋಡಿ.

"ರತ್ನಕ್ಕನ ಮನೆಯಲ್ಲಿ ಈ ವಾರ 45 ಚೆಂಡು ಮಲ್ಲಿಗೆ ಆಯಿತು. ಶಾರದಕ್ಕನ ಮನೆಯಲ್ಲಿ ರತ್ನಕ್ಕನ ಮನೆಗಿಂತ 12 ಚೆಂಡು ಹೆಚ್ಚು ಆಯಿತು. ಶಾರದಕ್ಕನ ಮನೆಯಲ್ಲಿ ಎಷ್ಟು?"

"ರತ್ನಕ್ಕನ ಮನೆಯಲ್ಲಿ ಈ ವಾರ 45 ಚೆಂಡು ಮಲ್ಲಿಗೆ ಆಯಿತು. ಇದು ಶಾರದಕ್ಕನ ಮನೆಯಲ್ಲಿ ಆದದ್ದಕ್ಕಿಂತ 12 ಚೆಂಡು ಹೆಚ್ಚು. ಶಾರದಕ್ಕನ ಮನೆಯಲ್ಲಿ ಎಷ್ಟು?"

ಮೊದಲನೆಯದರ ಉತ್ತರ 57. ಎರಡನೆಯದರದ್ದು 33. ಎರಡರಲ್ಲೂ ಅದೇ ಸಂಖ್ಯೆಗಳು, ಅದೇ "ಹೆಚ್ಚು". ಎರಡನೆಯದಕ್ಕೂ 57 ಬರೆದ ಮಗು ಲೆಕ್ಕದಲ್ಲಿ ದಡ್ಡ ಅಲ್ಲ. "ಹೆಚ್ಚು" ಕಂಡಲ್ಲಿ ಕೂಡಿಸು, "ಕಡಿಮೆ" ಕಂಡಲ್ಲಿ ಕಳೆ ಅನ್ನುವ ಸೂತ್ರ ಅದಕ್ಕೆ ಎಲ್ಲಿಂದಲೋ ಸಿಕ್ಕಿದೆ. ಎಷ್ಟೋ ಸಲ ಆ ಸೂತ್ರ ಕೊಟ್ಟವರು ಪರೀಕ್ಷೆಯ ಅವಸರದಲ್ಲಿದ್ದ ಶಿಕ್ಷಕರೇ.

ಪರೀಕ್ಷೆ ಮುಗಿದ ಮೇಲೆ ತಪ್ಪಿದ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಪಕ್ಕ ಕೂರಿಸಿಕೊಳ್ಳಿ. ಮಧ್ಯಾಹ್ನ ಊಟದ ನಂತರದ ಹತ್ತು ನಿಮಿಷ, ದಿನಕ್ಕೆ ಇಬ್ಬರು ಮೂವರು. ಆಸ್ಟ್ರೇಲಿಯಾದ ಆ್ಯನ್ ನ್ಯೂಮನ್ 1977ರಲ್ಲಿ ಹೇಳಿಕೆ ಲೆಕ್ಕಗಳಿಗೆಂದೇ ಐದು ಪ್ರಶ್ನೆಗಳ ಒಂದು ಕ್ರಮ ಕೊಟ್ಟರು. ನನ್ನ ಪ್ರಕಾರ ಪ್ರಾಥಮಿಕ ಶಾಲೆಯ ಗಣಿತಕ್ಕೆ ತಪ್ಪಿನ ಕಾರಣ ಹುಡುಕುವ ಇದಕ್ಕಿಂತ ಒಳ್ಳೆಯ ನೈದಾನಿಕ ಪರೀಕ್ಷೆ ಸಿಗುವುದು ಕಷ್ಟ. ಖರ್ಚು ಏನೂ ಇಲ್ಲ. ನಮ್ಮ ಮಾತಿನಲ್ಲಿ ಹೀಗೆ ಕೇಳಬಹುದು:

ಈ ಲೆಕ್ಕ ಒಮ್ಮೆ ಓದು.
ಇದರಲ್ಲಿ ಏನು ಕೇಳಿದ್ದಾರೆ, ನಿನ್ನ ಮಾತಲ್ಲಿ ಹೇಳು.
ಉತ್ತರ ಹೇಗೆ ಹುಡುಕುತ್ತೀಯ?
ಮಾಡಿ ತೋರಿಸು. ಮಾಡ್ತಾ ಮಾಡ್ತಾ ಹೇಳು.
ಈಗ ಉತ್ತರ ಬರೆ.

ಮಗು ಯಾವ ಪ್ರಶ್ನೆಯಲ್ಲಿ ಮೊದಲು ಎಡವುತ್ತದೋ ಅದನ್ನು ಬರೆದುಕೊಳ್ಳಿ. ಓದುವಲ್ಲೇ ನಿಂತರೆ ಓದಿನ ತೊಂದರೆ. ಏನು ಕೇಳಿದ್ದಾರೆ ಎಂದು ಹೇಳಲಾಗದಿದ್ದರೆ ಅರ್ಥದ ತೊಂದರೆ. ಅರ್ಥವಾಗಿಯೂ ಕೂಡಬೇಕೋ ಕಳೆಯಬೇಕೋ ಗೊತ್ತಾಗದಿದ್ದರೆ ಅದು ಬೇರೆ. ಲೆಕ್ಕದಲ್ಲಿ ಜಾರಿದ್ದು, ಬರೆಯುವಾಗ ಜಾರಿದ್ದು ಮತ್ತೆ ಬೇರೆ ಬೇರೆ.

ಇಲ್ಲಿ ನೀವು ಮಾಡಬಾರದ ಕೆಲಸ ಒಂದಿದೆ. ನಡುವೆ ಕಲಿಸಲು ಹೋಗಬೇಡಿ. ಮಗು "ಕೂಡಿಸ್ತೇನೆ" ಅಂದಾಗ "ಸರಿಯಾಗಿ ನೋಡು" ಅನ್ನುವ ಮಾತು ನಮ್ಮ ಬಾಯಿಂದ ತಾನಾಗಿಯೇ ಬರುತ್ತದೆ. ಮಗು ಕೂಡಲೇ "ಅಲ್ಲ, ಕಳೀತೇನೆ" ಅನ್ನುತ್ತದೆ. ಅಲ್ಲಿಗೆ ನಿಮಗೆ ಬೇಕಾದ ಮಾಹಿತಿ ಹಾಳಾಯಿತು. ಬದಲಿಗೆ "ಯಾಕೆ ಕೂಡಿಸ್ತೀಯ?" ಅಂತ ಕೇಳಿ, ಸುಮ್ನೆ ಕಾಯಿರಿ. "ಹೆಚ್ಚು ಅಂತ ಉಂಟಲ್ಲ ಟೀಚರ್" ಎಂಬ ಉತ್ತರ ಬಂದರೆ ಮತ್ತೊಂದು ಪ್ರಶ್ನೆ: "ಯಾರ ಮನೆಯಲ್ಲಿ ಹೂ ಜಾಸ್ತಿ ಆಯಿತು?" ಮಗು "ಶಾರದಕ್ಕನ ಮನೆಯಲ್ಲಿ" ಅಂದರೆ ಗುಟ್ಟು ಹೊರಗೆ ಬಂತು. ಎರಡನೇ ಸಾಲಿನ "ಇದು" ಯಾವುದನ್ನು ತೋರಿಸುತ್ತಿದೆ ಎಂಬುದು ಮಗುವಿಗೆ ಸಿಕ್ಕಿಲ್ಲ. ಆ ಪದದ ಮೇಲೆ ಬೆರಳಿಟ್ಟು "ಇದು ಅಂದರೆ ಯಾವುದು?" ಎಂದು ಕೇಳಿ ನೋಡಿ. ಮಗು ಓದಿಯೂ ಗಮನಿಸದೆ ಬಿಟ್ಟ ಪದ ಅದು.

ನಮ್ಮ ಕರಾವಳಿಯ ತರಗತಿಗಳಿಗೆ ನಾನು ಒಂದು ಆರನೇ ಪ್ರಶ್ನೆ ಸೇರಿಸುತ್ತೇನೆ: "ಇದನ್ನೇ ನಿನ್ನ ಮನೆಯ ಭಾಷೆಯಲ್ಲಿ ಹೇಳು." ತುಳುವಿನಲ್ಲೋ ಬ್ಯಾರಿಯಲ್ಲೋ ಮಗು ಇಬ್ಬರಲ್ಲಿ ಯಾರದು ಜಾಸ್ತಿ ಎಂದು ಸರಿಯಾಗಿ ಹೇಳಿದರೆ, ಹೋಲಿಕೆ ಅದಕ್ಕೆ ಗೊತ್ತಿದೆ, ಪುಸ್ತಕದ ಕನ್ನಡ ವಾಕ್ಯ ಅಡ್ಡ ಬಂದಿದೆ. ಮನೆಮಾತಿನಲ್ಲೂ ಹೇಳಲಾಗದಿದ್ದರೆ ಹೋಲಿಕೆಯೇ ಗಟ್ಟಿಯಾಗಿಲ್ಲ. ಈ ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ನಿಮಗೆ ಆ ಭಾಷೆ ಬರದಿದ್ದರೆ ಅದು ಬರುವ ಸಹೋದ್ಯೋಗಿಯನ್ನೋ, ಅಡುಗೆಯ ಅಕ್ಕನನ್ನೋ ಐದು ನಿಮಿಷ ಜೊತೆಗೆ ಕೂರಿಸಿಕೊಳ್ಳಿ.

ನಮ್ಮ ಕಲ್ಪನೆಯ ತರಗತಿಯಲ್ಲಿ ತಪ್ಪಿದ 13 ಮಕ್ಕಳು ಹೀಗೆ ವಿಂಗಡವಾದರು ಅಂದುಕೊಳ್ಳಿ: ಓದಿನಲ್ಲಿ ನಿಂತವರು 2, ಅರ್ಥದಲ್ಲಿ ನಿಂತವರು 8, ಕೂಡುವುದೋ ಕಳೆಯುವುದೋ ತಿಳಿಯದವರು 2, ಬರೆಯುವಾಗ ಜಾರಿದವನು 1. ಅರ್ಥದಲ್ಲಿ ನಿಂತ 8 ಮಕ್ಕಳಲ್ಲಿ 5 ಮಂದಿ ಮನೆಮಾತಿನಲ್ಲಿ ಸರಿಯಾಗಿ ಹೇಳಿದರು, 3 ಮಂದಿ ಹೇಳಲಿಲ್ಲ. ಈಗ ನಿಮ್ಮ ಕೈಯಲ್ಲಿ ಹುರುಳಿರುವ ಮಾಹಿತಿ ಇದೆ. ಕೂಡುವ ಕಳೆಯುವ ಡ್ರಿಲ್ ಇನ್ನೂ ಐವತ್ತು ಕೊಟ್ಟರೂ ಈ 8 ಮಕ್ಕಳಿಗೆ ಅದರಿಂದ ಏನೂ ಸಿಗುವುದಿಲ್ಲ.

ಹೆಜ್ಜೆ 3: ಒಂದೇ ಒಂದು ಬದಲಾವಣೆ ಆರಿಸಿ

ಉತ್ಸಾಹದಲ್ಲಿ ಚಾರ್ಟು, ಆಟ, ಹಾಡು, ವೀಡಿಯೊ, ಗುಂಪು ಕೆಲಸ ಎಲ್ಲವನ್ನೂ ಒಟ್ಟಿಗೆ ತಂದರೆ, ಕೊನೆಗೆ ಯಾವುದು ಫಲ ಕೊಟ್ಟಿತು ಎಂದು ನಿಮಗೇ ಗೊತ್ತಾಗುವುದಿಲ್ಲ. ಒಂದು ಸಾಕು. ಅದು ಎರಡನೇ ಹೆಜ್ಜೆಯಲ್ಲಿ ಕಂಡ ತಪ್ಪಿಗೆ ನೇರ ಉತ್ತರವಾಗಿರಬೇಕು.

ನಮ್ಮ ಉದಾಹರಣೆಗೆ ಎರಡು ಪಟ್ಟಿಯ ಚಿತ್ರ ಹೊಂದುತ್ತದೆ. ಒಬ್ಬರಿಗೆ ಒಂದು ಪಟ್ಟಿ, ಇನ್ನೊಬ್ಬರಿಗೆ ಇನ್ನೊಂದು, ಯಾರದು ಹೆಚ್ಚೋ ಅವರ ಪಟ್ಟಿ ಉದ್ದ. ಸಿಂಗಾಪುರದ ಪ್ರಾಥಮಿಕ ಗಣಿತದಲ್ಲಿ 1980ರ ದಶಕದಿಂದ ಇಂಥ ಪಟ್ಟಿ ಚಿತ್ರಗಳನ್ನು ಬಳಸುತ್ತಿದ್ದಾರೆ. ತರಗತಿಯಲ್ಲಿ ಹೀಗೆ ಮಾಡಬಹುದು. ಲೆಕ್ಕವನ್ನು ಬೋರ್ಡಿನಲ್ಲಿ ಬರೆಯುವಾಗ ಸಂಖ್ಯೆಗಳ ಜಾಗ ಖಾಲಿ ಬಿಡಿ. ಸಂಖ್ಯೆ ಇಲ್ಲದಿದ್ದರೆ ಕೂಡಿಸಲು ಓಡುವವರು ಯಾರೂ ಇಲ್ಲ. ಮಕ್ಕಳು ಜೋಡಿಯಾಗಿ ತಮ್ಮ ಮನೆಮಾತಿನಲ್ಲಿ ಕಥೆ ಹೇಳಿಕೊಳ್ಳಲಿ. ತುಳುವಿನಲ್ಲಿ ಮಾತಾಡಿದರೆ ತರಗತಿ ಕೆಡುತ್ತದೆ ಅನ್ನುವ ಹಳೆಯ ಹೆದರಿಕೆ ಬಿಡಿ. ಮಗು ಯೋಚಿಸುವುದೇ ಆ ಭಾಷೆಯಲ್ಲಿ. ನಂತರ ಎರಡು ಪಟ್ಟಿ ಎಳೆಯಲಿ, ಯಾವುದು ಯಾರದು ಎಂದು ಹೆಸರು ಬರೆಯಲಿ. ಆಮೇಲೆ ನೀವು ಸಂಖ್ಯೆ ತುಂಬಿ. ಕೂಡುವುದೋ ಕಳೆಯುವುದೋ ಆಗ ಚಿತ್ರವೇ ಹೇಳುತ್ತದೆ.

ಗಣಿತ ಪೀರಿಯಡ್ಡಿನ ಮೊದಲ ಹದಿನೈದು ನಿಮಿಷ, ವಾರಕ್ಕೆ ನಾಲ್ಕು ದಿನ, ಮೂರು ವಾರ. ಉಳಿದ ಸಮಯದಲ್ಲಿ ಪಾಠ ಎಂದಿನಂತೆ ಸಾಗಲಿ. ಸಿಲೆಬಸ್ ಮುಗಿಯುವುದಿಲ್ಲ ಎಂಬ ಚಿಂತೆ ನ್ಯಾಯವಾದದ್ದೇ, ಅದಕ್ಕಾಗಿಯೇ ಹದಿನೈದು ನಿಮಿಷ.

ಶುರು ಮಾಡುವ ಮೊದಲು ಒಂದು ಹಾಳೆಯಲ್ಲಿ ಎರಡು ವಾಕ್ಯ ಬರೆದು ತಾರೀಕು ಹಾಕಿಡಿ. ಏನಾಗಬಹುದು ಎಂದು ನನಗೆ ಅನಿಸುತ್ತದೆ? ಏನು ಕಂಡರೆ ನನ್ನ ಊಹೆ ತಪ್ಪು ಎಂದು ಒಪ್ಪುತ್ತೇನೆ? ಪ್ರಾಕ್ಕಲ್ಪನೆ ಅಂದರೆ ಇದೇ. ಎರಡನೇ ವಾಕ್ಯವನ್ನು ಮೊದಲೇ ಬರೆಯದಿದ್ದರೆ ಕೊನೆಗೆ ಬಂದದ್ದೆಲ್ಲ ಯಶಸ್ಸಿನಂತೆಯೇ ಕಾಣುತ್ತದೆ.

ಯಾವಾಗ ಮಾಡುವುದು?

ನಮ್ಮ ಕಡೆ ಜೂನ್, ಜುಲೈ ಬೇಡ. ಮಳೆ ರಜೆ ಯಾವ ರಾತ್ರಿ ಘೋಷಣೆ ಆಗುತ್ತದೆ ಎಂದು ಹೇಳಲಾಗದು. ಮೂರು ವಾರದ ಸರಪಳಿ ನಡುವೆ ತುಂಡಾದರೆ ಫಲಿತಾಂಶ ನಂಬುವಂತಿಲ್ಲ. ಆದರೆ ಜೂನ್‌ನ ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ನೋಡುವ ಸೇತುಬಂಧ ಪೂರ್ವ ಪರೀಕ್ಷೆಯ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಪ್ರಶ್ನೆ ಹುಡುಕಲು ಅವು ಒಳ್ಳೆಯ ಗಣಿ. ಆಗಸ್ಟ್ 15 ಕಳೆದ ಮೇಲೆ ದಸರಾ ರಜೆಯ ತನಕ ಒಂದು ಒಳ್ಳೆಯ ಅವಧಿ. ಅಷ್ಟಮಿ, ಚೌತಿ, ಮೊಂತಿ ಹಬ್ಬದ ರಜೆಗಳು ಹೆಚ್ಚಾಗಿ ಇದೇ ಅವಧಿಯಲ್ಲಿ ಬರುತ್ತವೆ, ಅವನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ವಾರ್ಷಿಕೋತ್ಸವದ ತಯಾರಿ ಇರುವ ವಾರಗಳನ್ನು ಬಿಟ್ಟುಬಿಡಿ.

ಮೀನುಗಾರರ ಮಕ್ಕಳಿರುವ ಶಾಲೆಯವರು ಇನ್ನೊಂದು ಗಮನಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿದಾಗ ಮನೆಯ ದಿನಚರಿಯೇ ಬದಲಾಗುತ್ತದೆ. ಹಾಜರಾತಿ, ಮನೆಗೆಲಸ ಅದರ ಜೊತೆಗೆ ಏರುಪೇರಾದರೆ ಅದನ್ನು ನಿಮ್ಮ ಪಾಠದ ಫಲ ಎಂದು ಲೆಕ್ಕ ಹಿಡಿಯಬೇಡಿ.

ಹೆಜ್ಜೆ 4: ಮಾಡುತ್ತಾ ಬರೆದಿಡಿ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಆ ದಿನವೇ ಐದು ಸಾಲು. ಯಾರು ಬಂದಿಲ್ಲ, ಇವತ್ತು ಏನು ಮಾಡಿದೆ, ಒಂದು ಮಗು ಹೇಳಿದ ಮಾತು ಇದ್ದಂತೆಯೇ, ಎಲ್ಲಿ ಗೊಂದಲವಾಯಿತು, ನಾಳೆ ಏನು. ವಾರದ ಕೊನೆಗೆ ನೆನಪಿನಿಂದ ಬರೆದರೆ ನಮಗೆ ಇಷ್ಟವಾದದ್ದು ಮಾತ್ರ ಉಳಿದಿರುತ್ತದೆ. ಮಕ್ಕಳ ಪಟ್ಟಿ ಚಿತ್ರಗಳಲ್ಲಿ ಸರಿಯಾದದ್ದನ್ನಷ್ಟೇ ಅಲ್ಲ, ತಪ್ಪಾದದ್ದನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಸಾಧ್ಯವಾದರೆ ವಾರಕ್ಕೊಮ್ಮೆ ಸಹೋದ್ಯೋಗಿಯೊಬ್ಬರನ್ನು ಹದಿನೈದು ನಿಮಿಷ ಹಿಂದಿನ ಬೆಂಚಿನಲ್ಲಿ ಕೂರಿಸಿ. "ಪಾಠ ಹೇಗಿತ್ತು?" ಎಂದು ಕೇಳಬೇಡಿ. "ಚೆನ್ನಾಗಿತ್ತು" ಅನ್ನುತ್ತಾರೆ, ಅಷ್ಟೇ. ಒಂದು ನಿರ್ದಿಷ್ಟ ಕೆಲಸ ಕೊಡಿ: ಆ ಕಿಟಕಿ ಪಕ್ಕದ ಜೋಡಿ ಏನು ಮಾತಾಡಿಕೊಂಡರು, ಬರೆದುಕೊಡಿ.

ಹೆಜ್ಜೆ 5: ಮತ್ತೆ ಪರೀಕ್ಷಿಸಿ, ಮೋಸ ಹೋಗಬೇಡಿ

ಸಾಫಲ್ಯ ಪರೀಕ್ಷೆಯ ಮಟ್ಟ ಮೊದಲಿನದ್ದೇ, ಲೆಕ್ಕಗಳು ಬೇರೆ. ಇಲ್ಲೊಂದು ಗುಂಡಿ ಇದೆ. ಮೂರು ವಾರ ನೀವು ಎರಡನೇ ಬಗೆಯ ಲೆಕ್ಕಗಳನ್ನೇ ಮಾಡಿಸಿದ್ದರೆ ಮಕ್ಕಳು "ಹೆಚ್ಚು ಅಂದರೆ ಕಳೆಯಬೇಕು" ಎಂಬ ಹೊಸ ಸೂತ್ರ ಕಟ್ಟಿಕೊಂಡಿರಬಹುದು. ಪರೀಕ್ಷೆಯಲ್ಲೂ ಅದೇ ಬಗೆ ಕೊಟ್ಟರೆ ಎಲ್ಲರಿಗೂ ಪೂರ್ತಿ ಅಂಕ ಬರುತ್ತದೆ, ಕಲಿಕೆ ಮಾತ್ರ ಆಗಿರುವುದಿಲ್ಲ. ಆದ್ದರಿಂದ ಎರಡೂ ಬಗೆ ಬೆರೆಸಿ ಕೊಡಿ. "ಕಡಿಮೆ" ಇರುವ ಲೆಕ್ಕವೂ ಇರಲಿ. ಹೋಲಿಕೆಯೇ ಇಲ್ಲದ ಒಂದು ಸಾದಾ ಲೆಕ್ಕವೂ ಇರಲಿ.

ಮೊದಲು ಪಕ್ಕ ಕೂರಿಸಿ ಮಾತಾಡಿಸಿದ ಮಕ್ಕಳನ್ನು ಮತ್ತೆ ಕರೆದು ಅದೇ ಪ್ರಶ್ನೆಗಳನ್ನು ಕೇಳಿ. ಮೂರು ವಾರ ಬಿಟ್ಟು, ಮುನ್ಸೂಚನೆ ಕೊಡದೆ, ಎರಡು ಲೆಕ್ಕದ ಪುಟ್ಟ ಪರೀಕ್ಷೆ ಇನ್ನೊಮ್ಮೆ ಮಾಡಿ. ಉಳಿದದ್ದೆಷ್ಟು ಎಂದು ಆಗ ಗೊತ್ತಾಗುತ್ತದೆ. ಹೆಚ್ಚಿನ ವರದಿಗಳಲ್ಲಿ ಈ ಮೂರನೇ ಪರೀಕ್ಷೆ ಇರುವುದೇ ಇಲ್ಲ. ನನಗೆ ಅದರ ಮೇಲೆಯೇ ನಂಬಿಕೆ ಜಾಸ್ತಿ.

ಹೆಜ್ಜೆ 6: ಮಗುವಿನಿಂದ ಮಗುವಿಗೆ ಓದಿ

22 ಮಕ್ಕಳ ತರಗತಿಯಲ್ಲಿ ಒಬ್ಬ ಮಗು ಅಂದರೆ ಶೇಕಡಾ 4.5. ಇಂಥಲ್ಲಿ "ಶೇಕಡಾ 22.7 ಪ್ರಗತಿ" ಅಂದರೆ ದೊಡ್ಡದಾಗಿ ಕೇಳಿಸುತ್ತದೆ, ಆದರೆ ಅದು ಐದು ಮಕ್ಕಳು. ಐದು ಮಕ್ಕಳು ಎಂದೇ ಬರೆಯಿರಿ. ಸರಾಸರಿಗಿಂತ ಒಂದು ಸರಳ ಪಟ್ಟಿ ಮೇಲು: ಎಡಕ್ಕೆ ಮಗು, ನಡುವೆ ಮೊದಲು ಎಲ್ಲಿ ನಿಂತಿತ್ತು, ಬಲಕ್ಕೆ ಈಗ ಎಲ್ಲಿದೆ.

ಅರ್ಥದಲ್ಲಿ ನಿಂತ 8 ಮಕ್ಕಳಲ್ಲಿ 5 ಮಂದಿ ದಾಟಿದರು, 3 ಮಂದಿ ಅಲ್ಲೇ ಉಳಿದರು ಅಂದುಕೊಳ್ಳಿ. ಆ ಮೂವರು ಯಾರು? ಮನೆಮಾತಿನಲ್ಲೂ ಹೇಳಲಾಗದ ಅದೇ ಮೂವರಾದರೆ ನಿಮ್ಮ ವಿಂಗಡಣೆ ಸರಿಯಾಗಿತ್ತು, ಅವರಿಗೆ ಚಿತ್ರ ಸಾಲದು. ಎರಡನೇ ಸುತ್ತು ಅವರಿಂದ ಶುರುವಾಗುತ್ತದೆ. ಚೆನ್ನೆಮಣೆಯ ಕಾಯಿಗಳನ್ನು ಎರಡು ಸಾಲಿನಲ್ಲಿ ಒಂದಕ್ಕೊಂದು ಎದುರಾಗಿ ಜೋಡಿಸಿ, ಜೋಡಿ ಸಿಗದೆ ಉಳಿದದ್ದನ್ನು ಕೈಯಿಂದ ಮುಟ್ಟಿ ನೋಡುವುದರಿಂದ. ಬೇರೆ ಮೂವರಾದರೆ ಡೈರಿಯಲ್ಲಿ ಅವರ ಹಾಜರಾತಿ ನೋಡಿ.

ಏನೂ ಬದಲಾಗಲಿಲ್ಲ ಅಂದರೂ ಅದನ್ನು ಹಾಗೆಯೇ ಬರೆಯಿರಿ. ಈ ದಾರಿ ಇಂಥ ಕಾರಣಕ್ಕೆ ಇಲ್ಲಿ ನಡೆಯಲಿಲ್ಲ ಅನ್ನುವ ಒಂದು ಪುಟ, ಪಕ್ಕದ ಶಾಲೆಯ ಶಿಕ್ಷಕಿಯ ಮೂರು ವಾರ ಉಳಿಸುತ್ತದೆ.

ಮಕ್ಕಳ ಮರ್ಯಾದೆ

ವರದಿಯಲ್ಲಿ ಮಕ್ಕಳ ಹೆಸರು ಬೇಡ. ಕ, ಖ, ಗ ಎಂದು ಬರೆದರೆ ಸಾಕು. ಫೋಟೊದಲ್ಲಿ ನೋಟ್‌ಬುಕ್ ಮಾತ್ರ ಇರಲಿ, ಮುಖ ಬೇಡ. ಪಕ್ಕ ಕರೆದು ಮಾತಾಡಿಸುವುದು ಶಿಕ್ಷೆಯ ಹಾಗೆ ಕಾಣದಿರಲು, ಸರಿ ಮಾಡಿದ ಇಬ್ಬರು ಮೂವರನ್ನೂ ಕರೆಯಿರಿ. ಅವರ ಯೋಚನೆಯಿಂದಲೂ ಕಲಿಯಲು ಇರುತ್ತದೆ. ಹೋಲಿಕೆಗಾಗಿ ಅರ್ಧ ತರಗತಿಗೆ ಕಲಿಸಿ ಇನ್ನರ್ಧಕ್ಕೆ ಕಲಿಸದೆ ಬಿಡುವುದು ಬೇಡ. ನಿಮ್ಮ ಮೊದಲ ಜವಾಬ್ದಾರಿ ಅವರೆಲ್ಲರ ಶಿಕ್ಷಕಿ ಅಥವಾ ಶಿಕ್ಷಕನದ್ದು.

ಹೆಜ್ಜೆ 7: ನಾಲ್ಕು ಜನರ ಮುಂದೆ ಇಡಿ

ಇಲಾಖೆಗೋ ಡಯಟ್‌ಗೋ ವರದಿ ಕೊಡಬೇಕಿದ್ದರೆ ಅವರ ನಮೂನೆ ಕೇಳಿ ತುಂಬಿ. ಮೇಲಿನ ಆರು ಹೆಜ್ಜೆ ಮಾಡಿದ್ದರೆ ಆ ಶೀರ್ಷಿಕೆಗಳಿಗೆಲ್ಲ ಬೇಕಾದದ್ದು ನಿಮ್ಮ ನೋಟ್‌ಬುಕ್ಕಿನಲ್ಲೇ ಇರುತ್ತದೆ.

ಆದರೆ ಅದಕ್ಕಿಂತ ಮೊದಲು ಹತ್ತಿರದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಹದಿನೈದು ನಿಮಿಷ ಕೇಳಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿ.ಆರ್.ಪಿ.) ಮುಂಚಿತವಾಗಿ ಹೇಳಿದರೆ ಸಮಯ ಸಿಗುತ್ತದೆ. ಪಿಪಿಟಿ ಬೇಡ. ಮಲ್ಲಿಗೆಯ ಎರಡನೇ ಲೆಕ್ಕಕ್ಕೆ 57 ಬರೆದ ನಾಲ್ಕು ಉತ್ತರಗಳನ್ನು ಹೆಸರು ಮುಚ್ಚಿ ಜೆರಾಕ್ಸ್ ಮಾಡಿ ಎಲ್ಲರ ಕೈಗೂ ಕೊಡಿ. ಪ್ರತಿ ಉತ್ತರದ ಕೆಳಗೆ ಆ ಮಗು ಪಕ್ಕ ಕೂತು ಹೇಳಿದ ಮಾತು ಇರಲಿ. "ಈ ನಾಲ್ವರಿಗೆ ನಾಳೆ ನೀವಾದರೆ ಏನು ಮಾಡುತ್ತೀರಿ?" ಎಂದು ಕೇಳಿ. ಬಂದ ಸಲಹೆಗಳಲ್ಲಿ ಒಂದನ್ನು ಎರಡನೇ ಸುತ್ತಿಗೆ ಆರಿಸಿಕೊಳ್ಳಿ, ಮತ್ತು ಅದೇ ಲೆಕ್ಕವನ್ನು ತಮ್ಮ 5ನೇ ತರಗತಿಯಲ್ಲಿ ಕೊಟ್ಟು ನೋಡಲು ಒಪ್ಪುವ ಒಬ್ಬರನ್ನಾದರೂ ಸಭೆ ಮುಗಿಯುವ ಮೊದಲು ಹುಡುಕಿಕೊಳ್ಳಿ.